ಪೀಡೆಯ ಪರವಾಗಿ

ಮಳೆಗಾಲ ಬಂತೆಂದರೆ ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ‘ಅಪರೂಪದ ಪತಂಗ ಪತ್ತೆ’ ಎಂಬ ಸುದ್ದಿ ತಪ್ಪುವುದಿಲ್ಲ. ಯಾರದೋ ಮನೆಯ ಗೋಡೆಯಲ್ಲಿ ಅಂಗೈಗಿಂತ ದೊಡ್ಡ ಅಟ್ಲಾಸ್ ಪತಂಗ ಕೂತಿರುತ್ತದೆ. ನೆರೆಕರೆಯವರೆಲ್ಲ ಬಂದು ಫೋಟೋ ತೆಗೆಯುತ್ತಾರೆ. ತೆಗೆಯಲಿ, ನನ್ನ ತಕರಾರಿಲ್ಲ. ಆದರೆ ನಮ್ಮ ಕಣ್ಣೆದುರೇ ಅಪರೂಪವಾಗುತ್ತಿರುವ ಇನ್ನೊಂದು ಪತಂಗದ ಸುದ್ದಿಯನ್ನು ಯಾರೂ ಬರೆಯಲಿಲ್ಲ.

ಅದು ಭತ್ತದ ಕೊಳವೆ ಹುಳುವಿನ ಪತಂಗ. ಉಗುರಿನಷ್ಟು ಗಾತ್ರ, ಬಿಳಿ ಬಣ್ಣ, ರೆಕ್ಕೆಯಲ್ಲಿ ಮಾಸಲು ಕಂದು ಗೆರೆ. 1970ರ ದಶಕದಲ್ಲಿ, ನಾನು ಸಣ್ಣವಳಿದ್ದಾಗ, ಏಣಿಲು ಬೆಳೆಯ ಹೊತ್ತಿಗೆ ಜಗಲಿಯ ಚಿಮಿಣಿ ದೀಪಕ್ಕೆ ಬಂದು ಮುತ್ತುತ್ತಿತ್ತು. ಅಮ್ಮ ಬಯ್ಯುತ್ತಾ ಗಂಜಿಯ ಬಟ್ಟಲಿಗೆ ಮುಚ್ಚಳ ಹಾಕುತ್ತಿದ್ದರು.

ಇದರ ಮರಿಗೆ ನಿಂತ ನೀರೇ ಬೇಕು. ಭತ್ತದ ಎಲೆಯ ತುದಿಯನ್ನು ಕತ್ತರಿಸಿ, ಸುರುಳಿ ಸುತ್ತಿ, ಒಳಗೆ ರೇಷ್ಮೆಯ ನೂಲು ಹೊಲಿದು ಕೊಳವೆ ಮಾಡಿಕೊಳ್ಳುತ್ತದೆ. ಅದರೊಳಗೆ ಕೂತು ದೋಣಿಯ ಹಾಗೆ ಗದ್ದೆಯಿಡೀ ತೇಲುತ್ತದೆ. ಮೈಯ ಎರಡೂ ಬದಿಗೆ ಮೀನಿನಂತೆ ಕಿವಿರು! ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಂದು ಬೋರ್ಡಿನ ಮೇಲೆ ಎಷ್ಟು ವರ್ಷ ಬರೆದೆ. ನೀರೊಳಗೆ ಉಸಿರಾಡುವ ಹುಳು ನಮ್ಮದೇ ಬೈಲಿನಲ್ಲಿದೆ ಎಂದು ಮಕ್ಕಳಿಗೆ ಒಮ್ಮೆಯೂ ಹೇಳಲಿಲ್ಲ. ನನಗೇ ಗೊತ್ತಿರಲಿಲ್ಲ.

ಹೌದು, ಅದು ಪೀಡೆ. ಎಲೆಯ ಹಸಿರು ಕೆರೆದು ಗದ್ದೆಯನ್ನು ಬಿಳಿಚಿಸುತ್ತದೆ. ಅಪ್ಪ ಚಿಮಿಣಿ ಎಣ್ಣೆಯಲ್ಲಿ ಅದ್ದಿದ ಹಗ್ಗವನ್ನು ಪೈರಿನ ಮೇಲೆ ಎಳೆದು, ಕೊಳವೆಗಳನ್ನು ನೀರಿಗೆ ಬೀಳಿಸಿ, ನೀರು ಕಡಿದು ಬಿಡುತ್ತಿದ್ದರು. ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿ. ಅಷ್ಟಾದರೂ ಮುಂದಿನ ವರ್ಷ ಹುಳ ಬರುತ್ತಿತ್ತು, ಅಕ್ಕಿಯೂ ಬರುತ್ತಿತ್ತು. ಹಗ್ಗಕ್ಕೆ ಸೋಲದ ಹುಳ ಸೋತದ್ದು ಬೈಲಿಗೆ ಬಿದ್ದ ಮಣ್ಣಿಗೆ.

ನಮ್ಮ ಬೈಲಿನಲ್ಲಿ ಈಗ ಉಳಿದಿರುವುದು ಒಂದೇ ತುಂಡು ಗದ್ದೆ. ಅದಕ್ಕೂ ಮಣ್ಣು ತುಂಬಿಸಿ ಅಡಿಕೆ ಇಡುವುದೆಂದು ತಮ್ಮ ಕಾಗದ ತಂದಿದ್ದಾನೆ. ನನ್ನ ಪಾಲಿದೆಯಲ್ಲ, ಸಹಿ ಬೇಕು.

“ಹುಳಕ್ಕೆ ಬೇಕಾಗಿ ಗದ್ದೆ ಇಡುವುದಾ ಅಕ್ಕಾ?” ಎಂದು ನಕ್ಕ.

ಅವನ ಕಷ್ಟ ನನಗೆ ಗೊತ್ತು. ನೇಜಿ ನೆಡಲು ಜನ ಇಲ್ಲ, ಅಡಿಕೆಯ ಮುಂದೆ ಭತ್ತದ ಲೆಕ್ಕ ಎಂದೂ ಕೂಡಿಬರುವುದಿಲ್ಲ. ಆದರೆ ಸಂಪಾಜೆ, ಅರಂತೋಡಿನಲ್ಲಿ ಹಳದಿ ರೋಗದಿಂದ ಬೋಳಾದ ತೋಟಗಳನ್ನು ಅವನೂ ನೋಡಿದ್ದಾನೆ. ಅಲ್ಲಿ ಮತ್ತೆ ಗದ್ದೆ ಮಾಡೋಣವೆಂದರೆ ಆಗುತ್ತದಾ? ಏಣಿಲಿನಲ್ಲಿ ತಿಂಗಳುಗಟ್ಟಲೆ ನಿಲ್ಲುವ ನೀರು ನಮ್ಮ ಬಾವಿಗೂ ಇಳಿಯುತ್ತಿತ್ತು. ಆ ಲೆಕ್ಕವನ್ನು ಅವನ ಪುಸ್ತಕದಲ್ಲಿ ಯಾರೂ ಬರೆದಿಲ್ಲ. ಪಕ್ಕದ ಕೇರಳದಲ್ಲಿ ಗದ್ದೆ ಮತ್ತು ಜೌಗು ನೆಲ ಉಳಿಸಲೆಂದೇ 2008ರಲ್ಲಿ ಕಾನೂನು ಮಾಡಿದರು. ಅಲ್ಲಿಯೂ ಕದ್ದು ತುಂಬಿಸುವವರಿದ್ದಾರೆನ್ನಿ. ಆದರೂ ಅದು ತಪ್ಪೆಂದು ಕಾನೂನಾದರೂ ಹೇಳುತ್ತದೆ. ಇಲ್ಲಿ ನಾವು ಅದನ್ನು ‘ಜಾಗ ಸುಧಾರಿಸುವುದು’ ಎನ್ನುತ್ತೇವೆ.

ಮೇಲಿನ ಗದ್ದೆಗಳಿಗೆ ಮಣ್ಣು ತುಂಬಿಸುವಾಗ ಸಹಿ ಹಾಕಿದವಳು ನಾನೇ. ಮಗಳ ಕಾಲೇಜು ಫೀಸಿಗೆ ಆ ಅಡಿಕೆಯ ಹಣ ಬಂತು. ಹಾಗಾಗಿ ತಮ್ಮನಿಗೆ ದೊಡ್ಡ ಮಾತು ಹೇಳುವ ಬಾಯಿ ನನಗಿಲ್ಲ.

ಕಾಗದ ಮಾತ್ರ ಕಪಾಟಿನಲ್ಲೇ ಇದೆ. ನೇಜಿಯ ಕೂಲಿ ನನ್ನ ಸಂಬಳದಿಂದ ಕೊಡುತ್ತೇನೆಂದು ಹೇಳಿದ್ದೇನೆ.