ಜೂನ್ ಪ್ರತಿ ವರ್ಷ ಬರುತ್ತೆ

ಫಸ್ಟ್ ಇಯರ್ ಸೇರಿದಾಗ ನಮಗೆಲ್ಲ ಲ್ಯಾಪ್‌ಟಾಪ್ ಬೇಕಾಯ್ತು. ಕೆಲವರಿಗೆ ಅಪ್ಪ ಕೊಡಿಸಿದರು, ಕೆಲವರು ಇಎಂಐ ಮೇಲೆ ತಗೊಂಡರು. ನಮ್ಮ ಗುಂಪಿನ ಒಬ್ಬನಿಗೆ ಮಾತ್ರ ಆ ದುಡ್ಡು ಎಲ್ಲಿಂದ ಬಂತು ಅಂತ ಆರು ತಿಂಗಳು ಗೊತ್ತೇ ಇರಲಿಲ್ಲ. ಯುಗಾದಿಗೆ ಊರಿಗೆ ಹೋದಾಗ ಒಂದು ಬೆಳಿಗ್ಗೆ ಪಕ್ಕದ ಮನೆ ಕಟ್ಟೆ ಮೇಲೆ ಓಣಿಯ ಹೆಂಗಸರೆಲ್ಲ ಕೂತಿದ್ದರು. ಬೈಕಿನಲ್ಲಿ ಬಂದವನೊಬ್ಬ ಹೆಸರು ಕೂಗಿ ಕೂಗಿ ಕಂತು ತಗೋತಿದ್ದ. ಅಲ್ಲಿ ಅವನ ಅವ್ವನೂ ಇದ್ದಳು.

"ಯವ್ವಾ, ಇದು ಯಾವ ಸಾಲ?"

"ನಿನ್ನ ಕಂಪ್ಯೂಟರಿಂದು. ನೀ ಓದ್ಕೋ ಹೋಗಪಾ, ಇದೆಲ್ಲ ನಿನಗ್ಯಾಕ?"

ಹಾಸ್ಟೆಲ್‌ಗೆ ಬಂದು ಅವನು ಇದನ್ನ ಹೇಳಿದ ಮೇಲೆ ನಾವೂ ಒಬ್ಬೊಬ್ಬರಾಗಿ ನಮ್ಮ ನಮ್ಮ ಮನೆಯದ್ದು ಹೇಳಿದೆವು. ಅವನು ಅವ್ವನ ಸಾಲದ ಕಾರ್ಡಿನ ಫೋಟೋ ತೋರಿಸಿದ. ಇಂಜಿನಿಯರಿಂಗ್ ಓದೋ ಐದು ಜನ ಸೇರಿದರೂ ಅದರ ಬಡ್ಡಿ ನಿಜವಾಗಿ ಎಷ್ಟು ಅಂತ ಲೆಕ್ಕ ಹಾಕೋಕೆ ಅರ್ಧ ಗಂಟೆ ಬೇಕಾಯ್ತು. ನಮಗೆ ನಾಚಿಕೆ ಆಯ್ತು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ ಫೀಸು ಕಟ್ಟಿಸಿಕೊಂಡು ಓದಿದ ನಮಗೆ ಮನೆಯ ಒಂದು ಕಾರ್ಡು ಓದೋಕೆ ಬರಲ್ಲ. ಅದಕ್ಕೇ ಈ ಲೇಖನ.

ಉಳಿತಾಯ ಅಂದ ತಕ್ಷಣ ಎಲ್ಲರೂ ಹೇಳೋದು ಒಂದೇ: ಹೋಟೆಲ್ ಟೀ ಬಿಡಿ, ಲೈಟ್ ಆಫ್ ಮಾಡಿ. ತಪ್ಪೇನಲ್ಲ. ಆದರೆ ನಮ್ಮ ಹಡಗಲಿ ಸೀಮೆಯ ಮನೆಗಳು ಟೀ ಕುಡಿದು ಸಾಲಗಾರರಾಗಿಲ್ಲ. ನಮ್ಮ ಅವ್ವಂದಿರು ಈಗಾಗಲೇ ಹತ್ತು ರೂಪಾಯಿಗೂ ಲೆಕ್ಕ ಇಡ್ತಾರೆ. ಸಾಲ ಆಗೋದು ಫೀಸು, ಬೀಜ-ಗೊಬ್ಬರ, ಬೋರ್‌ವೆಲ್, ಮದುವೆ, ಆಸ್ಪತ್ರೆಯಂಥ ದೊಡ್ಡ ಖರ್ಚುಗಳಿಂದ. ಇದರಲ್ಲಿ ಆಸ್ಪತ್ರೆ ಬಿಟ್ಟರೆ ಉಳಿದದ್ದಕ್ಕೆಲ್ಲ ಹೆಚ್ಚುಕಡಿಮೆ ದಿನಾಂಕ ಗೊತ್ತಿರುತ್ತೆ.

ಜೂನ್ ತಿಂಗಳನ್ನೇ ನೋಡಿ. ಮುಂಗಾರು ಬಿತ್ತನೆ, ಮೆಕ್ಕೆಜೋಳದ ಬೀಜ, ಗೊಬ್ಬರ, ತಮ್ಮ-ತಂಗಿಯರ ಸ್ಕೂಲ್ ಫೀಸು, ಪುಸ್ತಕ, ಯೂನಿಫಾರ್ಮ್ ಎಲ್ಲ ಒಟ್ಟಿಗೆ. ಜೂನ್ ಪ್ರತಿ ವರ್ಷ ಬರುತ್ತೆ. ಆದರೂ ಪ್ರತಿ ವರ್ಷ ಅದು ಹೇಳದೆ ಕೇಳದೆ ಬಂದಂಗೆ ನಾವು ಸಾಲಕ್ಕೆ ಓಡ್ತೀವಿ. ಮಲ್ಲಿಗೆ ತೋಟ ಇರೋ ಮನೆಗಳಲ್ಲಿ ಸೀಸನ್ ಇದ್ದಾಗ ದಿನಾ ಕೈಗೆ ದುಡ್ಡು ಬರುತ್ತೆ, ಬಂದಂಗೇ ಹೋಗುತ್ತೆ. ಹೂವು ಕಡಿಮೆಯಾದಾಗ ಖಾಲಿ. ಕಂತಿಗೆ ಮಾತ್ರ ಸೀಸನ್ ಇಲ್ಲ, ಹೂವು ಬಿಡಲಿ ಬಿಡದಿರಲಿ ಅದು ಬರುತ್ತೆ. ಆದ್ದರಿಂದ ನಮ್ಮ ಮೊದಲ ಮಾತು, ಜೂನ್‌ಗೆ ಅಂತಲೇ ಬೇರೆ ದುಡ್ಡು ಇಡಬೇಕು. ಅಂಚೆ ಕಚೇರಿ ಆರ್‌ಡಿ ತಿಂಗಳಿಗೆ 100 ರೂಪಾಯಿಯಿಂದ ಶುರು ಮಾಡಬಹುದು, ಆದರೆ ಅದು ಐದು ವರ್ಷದ್ದು. ಒಂದೇ ವರ್ಷಕ್ಕೆ ಬೇಕಾದರೆ ಬ್ಯಾಂಕಿನ ಆರ್‌ಡಿ ಇದೆ. ಗೃಹಲಕ್ಷ್ಮಿಯ 2,000ದಲ್ಲಿ ಅವ್ವ 500 ಅದಕ್ಕೆ ಹಾಕಿದರೆ ವರ್ಷಕ್ಕೆ 6,000. ದೊಡ್ಡದಲ್ಲ ಅನ್ನಿಸಬಹುದು, ಆದರೆ ಅಷ್ಟು ಕಡಿಮೆ ಸಾಲ.

ಎರಡನೇದು ಬಡ್ಡಿಯ ಭಾಷೆ. ಕೈಸಾಲದಲ್ಲಿ "ನೂರಕ್ಕೆ ಮೂರು" ಅಂತಾರೆ. ಕೇಳೋಕೆ ಸಣ್ಣದು. ಅದು ತಿಂಗಳಿಗೆ, ಅಂದರೆ ವರ್ಷಕ್ಕೆ ಶೇ. 36. 20,000 ತಗೊಂಡರೆ ವರ್ಷಕ್ಕೆ 7,200 ಬಡ್ಡಿ ಕಟ್ಟಿದ ಮೇಲೂ ಅಸಲು ಹಾಗೇ ಕೂತಿರುತ್ತೆ. ಇನ್ನೊಂದು 'ಫ್ಲಾಟ್' ಬಡ್ಡಿ. 50,000 ಸಾಲ, ಶೇ. 12 ಫ್ಲಾಟ್, ಒಂದು ವರ್ಷ ಅಂದುಕೊಳ್ಳಿ. ಬಡ್ಡಿ 6,000, ತಿಂಗಳ ಕಂತು ಸುಮಾರು 4,667. ಆದರೆ ನಾವು ತಿಂಗಳು ತಿಂಗಳು ಅಸಲು ತೀರಿಸ್ತಾ ಬಂದರೂ ಬಡ್ಡಿ ಹಾಕೋದು ಪೂರ್ತಿ 50,000ಕ್ಕೆ. ಉಳಿದ ಸಾಲದ ಮೇಲೆ ಲೆಕ್ಕ ಹಾಕಿದರೆ ಅದು ಶೇ. 21.5ರ ಹತ್ತಿರ ಬರುತ್ತೆ. ಸಾಲ ಕೊಡೋರನ್ನ ಕೇಳಬೇಕಾದ ಪ್ರಶ್ನೆ ಒಂದೇ: ಉಳಿದ ಸಾಲದ ಮೇಲೆ ವರ್ಷಕ್ಕೆ ಎಷ್ಟು?

ಮೂರನೇದು, ಊರಲ್ಲಿ ಎಲ್ಲದಕ್ಕೂ 'ಸಂಘ' ಅಂತೀವಿ. ಹೆಂಗಸರೇ ವಾರ ವಾರ ಉಳಿಸಿ ತಮ್ಮೊಳಗೇ ಸಾಲ ಕೊಟ್ಟುಕೊಳ್ಳೋ ಸ್ವಸಹಾಯ ಸಂಘ ಒಂದು. 2000ದಲ್ಲಿ ಶುರುವಾದ ಸ್ತ್ರೀಶಕ್ತಿ ಯೋಜನೆಯ ಗುಂಪುಗಳು ಹೀಗೇ ನಡೆಯೋದು. ಅಲ್ಲಿ ನಾವು ಕಟ್ಟಿದ ಬಡ್ಡಿ ಸಂಘದಲ್ಲೇ ಉಳಿಯುತ್ತೆ. ಇನ್ನೊಂದು ಫೈನಾನ್ಸ್ ಕಂಪನಿ ಕಟ್ಟಿಸೋ ಗುಂಪು. ಅಲ್ಲಿ ಬಡ್ಡಿ ಕಂಪನಿಗೆ, ಒಬ್ಬರು ಕಟ್ಟದಿದ್ದರೆ ಒತ್ತಡ ಉಳಿದವರ ಮೇಲೆ. ಒಂದರ ಕಂತು ತೀರಿಸೋಕೆ ಇನ್ನೊಂದರಲ್ಲಿ ತಗೊಂಡರೆ ಅಲ್ಲಿಗೆ ಮುಗೀತು, ಮೂರನೇದು ತಾನಾಗೇ ಬರುತ್ತೆ.

ಇದಕ್ಕೆ ನಿಯಮ ಇಲ್ಲ ಅಂತಲ್ಲ. ವರ್ಷಕ್ಕೆ 3 ಲಕ್ಷದೊಳಗೆ ಆದಾಯ ಇರೋ ಮನೆಗೆ ಕೊಡೋ ಕಿರುಸಾಲಕ್ಕೆ ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ಆ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ಅಡಮಾನ ಕೇಳಬಾರದು. ಮುಂಚೆಯೇ ತೀರಿಸಿದರೆ ದಂಡ ಇಲ್ಲ. ಸಾಲದ ಕಾರ್ಡು ಸಾಲಗಾರರಿಗೆ ತಿಳಿಯೋ ಭಾಷೆಯಲ್ಲಿರಬೇಕು. ವಸೂಲಿಗೆ ಬೆಳಿಗ್ಗೆ 9ರ ಮುಂಚೆ, ಸಂಜೆ 6ರ ಮೇಲೆ ಫೋನ್ ಮಾಡಬಾರದು. ಬಲವಂತದ ವಸೂಲಿ ತಡೆಯೋಕೆ 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೂ ತಂತು. ಇದೆಲ್ಲ ನಮ್ಮ ಫೋನಲ್ಲೇ ಓದೋಕೆ ಸಿಗುತ್ತೆ. ಕಟ್ಟೆ ಮೇಲೆ ಕೂತ ಅವ್ವನಿಗೆ ಯಾರು ಹೇಳಬೇಕು? ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಮೈಲಾರದ ಕಾರಣಿಕ ಕೇಳಿ ಬಂದು, ಅದರ ಒಂದು ಮಾತಿಗೆ ಹತ್ತು ಅರ್ಥ ಹೇಳ್ತೀವಿ. ಮನೆಯ ಸಾಲದ ಕಾರ್ಡಿನ ಒಂದು ಸಾಲಿಗೆ ಅರ್ಥ ಹೇಳಿಲ್ಲ.

ನಮ್ಮ ತಪ್ಪನ್ನೂ ಹೇಳಬೇಕು. 'ನೋ ಕಾಸ್ಟ್ ಇಎಂಐ' ಫೋನಿಗೆ ಪ್ರೊಸೆಸಿಂಗ್ ಫೀ ಎಷ್ಟು ಅಂತ ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಸ್ಕಾಲರ್‌ಶಿಪ್ ಅರ್ಜಿಯ ಕೊನೆ ದಿನ ಮರೆತವರು ನಾವೇ, ಆ ದುಡ್ಡಿಗೆ ಅಪ್ಪ ಬೇರೆ ಕಡೆ ಕೈ ಚಾಚಿದ್ದು ಆಮೇಲೆ ಗೊತ್ತಾಯ್ತು. ಆಸ್ಪತ್ರೆ ಖರ್ಚಿಗೆ ಆಯುಷ್ಮಾನ್ ಕಾರ್ಡ್ ಇದೆಯಾ ಅಂತಲೂ ಮನೆಯಲ್ಲಿ ವಿಚಾರಿಸಿರಲಿಲ್ಲ. ಜ್ವರ ಬಂದ ಮೇಲೆ ಕಾರ್ಡು ಹುಡುಕೋದು ನಮ್ಮ ಪದ್ಧತಿ.

"ಮಕ್ಕಳ ತಲೆಗೆ ಸಾಲದ ಚಿಂತೆ ಯಾಕೆ, ಓದಲಿ ಪಾಪ" ಅನ್ನೋ ಹಿರಿಯರ ಮಾತಿನಲ್ಲಿ ಪ್ರೀತಿ ಇದೆ, ನಮಗೆ ಗೊತ್ತು. ಆದರೆ ಆ ಸಾಲ ಇರೋದೇ ನಮ್ಮ ಹೆಸರಲ್ಲಿ. ಗೊತ್ತಿಲ್ಲದೇ ಇದ್ದಾಗ ನಾವು ಇನ್ನೂ ಖರ್ಚು ಕೇಳ್ತೀವಿ. ಗೊತ್ತಾದ ಮೇಲೆ ಆ ನಮ್ಮ ಗೆಳೆಯ ಹೊಸ ಫೋನ್ ಕೇಳೋದು ಬಿಟ್ಟ, ಯಾರೂ ಬುದ್ಧಿ ಹೇಳಲಿಲ್ಲ.

ಅದಕ್ಕೇ ನಾವು ಐದು ಜನ ಒಂದು ಮಾತು ಮಾಡ್ಕೊಂಡಿದೀವಿ. ಮುಂದಿನ ರಜೆಗೆ ಊರಿಗೆ ಹೋದಾಗ ಒಂದು ಸಂಜೆ ಅಪ್ಪ-ಅವ್ವನ ಜೊತೆ ಕೂತು, 200 ಪುಟದ ನೋಟ್‌ಬುಕ್ಕಿನಲ್ಲಿ ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಎಷ್ಟು, ಯಾವಾಗ ತೀರುತ್ತೆ ಅಂತ ಬರೀತೀವಿ. ಜಾಸ್ತಿ ಬಡ್ಡಿಯದ್ದು ಮೊದಲು ತೀರಲಿ. ಅವ್ವ ಬೈಬಹುದು, ಅಪ್ಪ ಎದ್ದು ಹೊರಗೆ ಹೋಗಬಹುದು. ಆದರೂ ಕೇಳ್ತೀವಿ. ನೀವೂ ಕೇಳಿ. ಕನ್ನಡದಲ್ಲೇ ಬರೀರಿ, ಅವ್ವನಿಗೆ ಓದೋಕೆ ಬರಬೇಕಲ್ಲ.