ಹಿತ್ತಲ ಕೋಳಿಯೂ ಬಡಾವಣೆಯ ಮರ್ಯಾದೆಯೂ

ನಮ್ಮ ಬಡಾವಣೆಯ ನಿವಾಸಿಗಳ ಸಂಘದಿಂದ ಹಿಂದಿನ ಬೀದಿಯ ಹೆಣ್ಣುಮಗಳೊಬ್ಬರಿಗೆ ಕಳೆದ ತಿಂಗಳು ಒಂದು ಪತ್ರ ಬಂದಿತು. ಮೂವತ್ತು ದಿನಗಳೊಳಗೆ ಕೋಳಿಗಳನ್ನು ತೆರವುಗೊಳಿಸತಕ್ಕದ್ದು ಎಂಬುದು ಅದರ ಸಾರಾಂಶ. ದುರ್ವಾಸನೆ, ಶಬ್ದ ಮತ್ತು ರೋಗಭೀತಿ, ಇವು ಕಾರಣಗಳು. ಆಕೆಯ ಬಳಿ ಹನ್ನೊಂದು ಕೋಳಿಗಳಿವೆ. ನನ್ನ ಹಿತ್ತಲಿನಲ್ಲಿ ಆರು ಹೇಂಟೆಗಳೂ ಒಂದು ಹುಂಜವೂ ಇವೆ; ನನಗೆ ಅಂಥ ಪತ್ರವೇನೂ ಬಂದಿಲ್ಲ. ಕಾಗದವನ್ನು ಓದಿಸಿಕೊಂಡು ಹೋಗಲು ಬಂದಿದ್ದ ಆಕೆ, "ಮೇಷ್ಟ್ರೇ, ನಿಮ್ಮ ಹುಂಜ ಕೂಗೋದು ಇವರಿಗೆ ಕೇಳಿಸಲ್ವಾ?" ಎಂದರು.

ಕೇಳಿಸುತ್ತದೆ. ಆದರೆ ನಿವೃತ್ತ ಮೇಷ್ಟರು ಕೋಳಿ ಸಾಕಿದರೆ ಅದು ಹವ್ಯಾಸ. ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವ ವಿಧವೆ ಸಾಕಿದರೆ ಅದು ಗಲೀಜು. ನಾನು ಹುಟ್ಟಿದ ಮನೆಯಲ್ಲಿ ಕೋಳಿ ಸಾಕುವ ಪದ್ಧತಿಯೇ ಇರಲಿಲ್ಲ. ಊರಿನ ಯಾವ ಬೀದಿಯಲ್ಲಿ ಕೋಳಿ ಓಡಾಡುತ್ತದೆ, ಯಾವ ಬೀದಿಯಲ್ಲಿ ಓಡಾಡುವುದಿಲ್ಲ ಎಂಬುದನ್ನು ನೋಡಿಯೇ ಅಲ್ಲಿರುವವರು ಯಾರೆಂದು ಹೇಳಬಹುದಾಗಿದ್ದ ಕಾಲ ಅದು. ಆ ಲೆಕ್ಕಾಚಾರ ತುಮಕೂರಿನ ಅಂಚಿನ ಈ ನಿವೇಶನಗಳಿಗೂ ನಮ್ಮೊಡನೆ ಗಾಡಿಯೇರಿ ಬಂದಿದೆ. ಪತ್ರದಲ್ಲಿ ಅದನ್ನು ಬರೆಯಲಾಗದು, ಆದ್ದರಿಂದ ವಾಸನೆ ಎಂದು ಬರೆಯುತ್ತಾರೆ.

ವಾಸನೆಯ ಮಾತನ್ನು ಬೇಗ ಮುಗಿಸಿಬಿಡಬಹುದು. ಹತ್ತು ಹನ್ನೆರಡು ಕೋಳಿಗಳ ಗೂಡಿಗೆ ಒಣ ಮರದ ಹೊಟ್ಟು ಅಥವಾ ಬೂದಿ ಹಾಕಿ, ವಾರಕ್ಕೆರಡು ಸಲ ಗುಡಿಸಿ, ತೆಗೆದ ಗೊಬ್ಬರವನ್ನು ಗುಂಡಿಗೆ ಸುರಿದು ಮಣ್ಣೆಳೆದರೆ ವಾಸನೆ ಬಾರದು. ಒದ್ದೆಯಾಗಲು ಬಿಟ್ಟರೆ ಬರುತ್ತದೆ. ಆಕೆಯ ಗೂಡನ್ನು ನಾನು ನೋಡಿದ್ದೇನೆ. ನಮ್ಮ ಮೂಲೆಯ ಖಾಲಿ ನಿವೇಶನದಲ್ಲಿ ಸಂಘದ ಸದಸ್ಯರೇ ಎಸೆಯುವ ಕಸಕ್ಕಿಂತ ಅದು ಶುಭ್ರವಾಗಿದೆ.

ಶಬ್ದದ ದೂರು ಅಷ್ಟು ಹಗುರವಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಮಲಗುವವರಿದ್ದಾರೆ, ಹಸುಗೂಸಿನ ತಾಯಂದಿರಿದ್ದಾರೆ. ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗಾಗದೆಂದು ನಂಬಿದ್ದ ಅಜ್ಜಿಯ ಕಥೆಯನ್ನು ನನ್ನ ತರಗತಿಯಲ್ಲಿ ಕೇಳಿ ನೀವೆಲ್ಲ ನಕ್ಕಿದ್ದೀರಿ. ಹುಂಜವಂತೂ ಸೂರ್ಯನಿಗಾಗಿ ಕಾಯುವುದೇ ಇಲ್ಲ. ಅದರ ಕೂಗು ಮೈಯೊಳಗಿನ ಗಡಿಯಾರವನ್ನು ಅನುಸರಿಸುತ್ತದೆಂಬುದನ್ನು ಜಪಾನಿನ ನಗೋಯ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2013ರಲ್ಲಿ ತೋರಿಸಿಕೊಟ್ಟರು. ಒಂದೇ ಕಡೆ ಹಲವು ಹುಂಜಗಳಿದ್ದರೆ ಮೊದಲು ಕೂಗುವ ಅಧಿಕಾರ ಹಿರಿಯ ಹುಂಜದ್ದು, ಉಳಿದವು ತಮ್ಮ ತಮ್ಮ ಅಂತಸ್ತಿನಂತೆ ದನಿಗೂಡಿಸುತ್ತವೆ ಎಂಬುದು ಅವರ ಮುಂದಿನ ಶೋಧ. (ನಮ್ಮ ಸಂಘದ ಸಭೆಗಳನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು.) ಹೇಂಟೆಗಳು ಮೊಟ್ಟೆಯಿಡಲು ಹುಂಜ ಬೇಕಿಲ್ಲ, ಮರಿ ಮಾಡಿಸಲು ಮಾತ್ರ ಬೇಕು. ಆದ್ದರಿಂದ ಬೀದಿಗೊಂದು ಹುಂಜ ಸಾಕು. ಅದನ್ನೂ ರಾತ್ರಿ ಗೋಡೆಯಿಂದ ದೂರದ, ಬೆಳಕು ನುಸುಳದ ಗೂಡಿನಲ್ಲಿ ಕೂಡಿಹಾಕಿದರೆ ನೆರೆಯವರ ನಿದ್ದೆ ಬಹುಮಟ್ಟಿಗೆ ಉಳಿಯುತ್ತದೆ.

ಫ್ರಾನ್ಸಿನ ಓಲೆರಾನ್ ದ್ವೀಪದಲ್ಲಿ ಮೋರಿಸ್ ಎಂಬ ಹುಂಜದ ಮೇಲೆ, ರಜೆ ಕಳೆಯಲು ಅಲ್ಲಿಗೆ ಬರುತ್ತಿದ್ದ ನೆರೆಮನೆಯವರು ಮೊಕದ್ದಮೆ ಹೂಡಿದ್ದರು. 2019ರಲ್ಲಿ ನ್ಯಾಯಾಲಯ ಹುಂಜದ ಪರವಾಗಿ ತೀರ್ಪಿತ್ತಿತು. 2021ರಲ್ಲಿ ಆ ದೇಶ, ಹಳ್ಳಿಗಾಡಿನ ಸದ್ದು ಮತ್ತು ವಾಸನೆಗಳನ್ನು ಅಲ್ಲಿನ ಪರಂಪರೆಯ ಭಾಗವೆಂದು ಗುರುತಿಸುವ ಕಾನೂನನ್ನೇ ಮಾಡಿತು. ನಮ್ಮದು ಹಳ್ಳಿಯಲ್ಲ, ಒಪ್ಪುತ್ತೇನೆ. ಆದರೆ ಇದು ರಾಗಿಹೊಲವಾಗಿದ್ದಾಗಲೂ ಆಕೆಯ ಮನೆ ಇಲ್ಲಿಯೇ ಇತ್ತು. ಹೊಲಕ್ಕೆ ಮನೆ ಕಟ್ಟಿಕೊಂಡು ಬಂದವರು ನಾವು.

ಇನ್ನು ರೋಗ. ಇದನ್ನು ತಳ್ಳಿಹಾಕುವವನು ನಾನಲ್ಲ. 2020ರ ಮಾರ್ಚಿನಲ್ಲಿ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ಸುತ್ತಲಿನ ಮನೆಗಳ ಸಾಕುಕೋಳಿಗಳನ್ನೂ ಕೊಲ್ಲಬೇಕಾಯಿತು. ಆದರೆ ಆ ರೋಗ ಬಡವರ ಹಿತ್ತಲನ್ನೇ ಹುಡುಕಿಕೊಂಡು ಬರುವುದಿಲ್ಲ. 2012ರಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಸಾಕಣೆ ಕೇಂದ್ರಕ್ಕೂ ಬಂದಿತ್ತು. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟದಿರುವುದು, ಒಂದೆರಡು ದಿನಗಳಲ್ಲಿ ಹಲವು ಕೋಳಿಗಳು ಸತ್ತರೆ ಪಶು ಆಸ್ಪತ್ರೆಗೆ ತಿಳಿಸುವುದು ಎಲ್ಲರ ಕರ್ತವ್ಯ. ಬಚ್ಚಿಟ್ಟುಕೊಂಡು ಸಾಕುವವರು ತಿಳಿಸುವುದಿಲ್ಲ. ಸಂಘದ ಪತ್ರ ಕೋಳಿಗಳನ್ನು ಹಾಗೆ ಬಚ್ಚಿಡುವಂತೆ ಮಾಡುತ್ತದೆ ಎಂಬುದೇ ನನ್ನ ಮುಖ್ಯ ಆಕ್ಷೇಪ.

ನಮ್ಮ ಕೋಳಿಗಳನ್ನು ನಿಜವಾಗಿ ತೆಗೆದುಕೊಂಡು ಹೋಗುವುದು ಹಕ್ಕಿಜ್ವರವಲ್ಲ, ರೈತರು ಕೊಕ್ಕರೆ ರೋಗವೆನ್ನುವ ರಾಣಿಖೇತ್. ಕತ್ತು ತಿರುಚಿ, ಹಸಿರು ಭೇದಿಯಾಗಿ, ನೋಡನೋಡುತ್ತಲೇ ಗೂಡು ಖಾಲಿಯಾಗುತ್ತದೆ. ಇದಕ್ಕೆ ಲಸಿಕೆಯಿದೆ: ಮರಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಒಂದು ಹನಿ, ಎಂಟನೆಯ ವಾರದ ಸುಮಾರಿಗೆ ರೆಕ್ಕೆಯಡಿ ಚುಚ್ಚುಮದ್ದು. ತೊಡಕು ಬೇರೆಡೆಯಿದೆ. ಲಸಿಕೆಯ ಸೀಸೆ ಸಾಮಾನ್ಯವಾಗಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಕೆಲವು ಗಂಟೆಗಳಲ್ಲಿ ಮುಗಿಸಬೇಕು. ಹನ್ನೊಂದು ಕೋಳಿಯವರು ಒಬ್ಬರೇ ಅದನ್ನು ತರುವುದು ನಷ್ಟ. ಬಡಾವಣೆಯ ಎಲ್ಲರೂ ಕೂಡಿದರೆ ಒಂದೇ ಸೀಸೆ ಸಾಕು. ಸಂಘವೆಂಬುದು ಇರುವುದು ಇಂಥ ಕೆಲಸಕ್ಕಲ್ಲವೇ?

ಉಳಿದ ಪ್ರಾಣಿಗಳ ವಿಷಯವನ್ನೂ ಹೇಳಬೇಕು, ಏಕೆಂದರೆ ಕೋಳಿ ಒಂಟಿಯಾಗಿ ಬರುವುದಿಲ್ಲ. ಚೆಲ್ಲಿದ ನುಚ್ಚಿಗೆ ಹೆಗ್ಗಣ, ಹೆಗ್ಗಣಕ್ಕೂ ಮೊಟ್ಟೆಗೂ ಕೇರೆಹಾವು, ಮರಿಗಳಿಗೆ ಮುಂಗುಸಿ ಮತ್ತು ಹದ್ದು. ಹದ್ದಿನ ನೆರಳು ಅಂಗಳದ ಮೇಲೆ ಹಾಯುತ್ತಲೇ ತಾಯಿಕೋಳಿ ಹೊರಡಿಸುವ ದನಿಯೇ ಬೇರೆ. ಮರಿಗಳೆಲ್ಲ ಕ್ಷಣದಲ್ಲಿ ರೆಕ್ಕೆಯಡಿ ಸೇರುತ್ತವೆ. ಎದುರು ಮನೆಯ ನಾಯಿ ಒಂದು ವರ್ಷದಲ್ಲಿ ನನ್ನ ಮೂರು ಹೇಂಟೆಗಳನ್ನು ಕೊಂದಿತು. ನಾಯಿ ಸಾಕಿದವರಿಗೆ ಯಾರೂ ಪತ್ರ ಬರೆಯಲಿಲ್ಲ, ಬರೆಯಬೇಕೆಂದು ನಾನೂ ಹೇಳಲಿಲ್ಲ. ಬೇಲಿಯನ್ನು ಎರಡಡಿ ಎತ್ತರಿಸಿದೆ. ಹಾಗೆಯೇ ನನ್ನ ಕೋಳಿಗಳು ಪಕ್ಕದವರ ಮಲ್ಲಿಗೆ ಪಾತಿ ಕೆದರಿದರೆ ಅವರ ಕೋಪ ನ್ಯಾಯವಾದುದು. ಬೆಳಿಗ್ಗೆ ಇಟ್ಟ ರಂಗೋಲಿಯ ಮೇಲೆ ಕೋಳಿ ನಡೆದರೆ ಯಾವ ಗೃಹಿಣಿ ತಾನೇ ಸಹಿಸಿಯಾಳು? ಬೇಲಿ ಸಾಕುವವನ ಹೊಣೆ. ಈ ನಿಯಮವನ್ನು ಸಂಘ ಮಾಡಲಿ, ನನಗೂ ಆಕೆಗೂ ಸಮನಾಗಿ ಅನ್ವಯಿಸಲಿ.

ಆಕೆಗೆ ಈ ಕೋಳಿಗಳೆಂದರೆ ಏನು ಎಂಬುದನ್ನು ಪತ್ರಕ್ಕೆ ಸಹಿ ಹಾಕಿದವರಾರೂ ವಿಚಾರಿಸಲಿಲ್ಲ. ನಾಟಿ ಕೋಳಿ ಫಾರಂ ಕೋಳಿಯಂತೆ ವರ್ಷಕ್ಕೆ ಮುನ್ನೂರು ಮೊಟ್ಟೆಯಿಡುವುದಿಲ್ಲ. ಅರವತ್ತೋ ಎಪ್ಪತ್ತೋ ಇಟ್ಟರೆ ಹೆಚ್ಚು. ಆದ್ದರಿಂದ ಆಕೆ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಯ ಹೇಂಟೆಗಳನ್ನೂ ಇಟ್ಟುಕೊಂಡಿದ್ದಾರೆ. ಅವು ಹೆಚ್ಚು ಇಡುತ್ತವೆ, ಆದರೆ ಕಾವಿಗೆ ಕೂರುವ ಗುಣವಿಲ್ಲ. ಅವುಗಳ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗಿಟ್ಟು ಇಪ್ಪತ್ತೊಂದು ದಿನ ಕಾಯುತ್ತಾರೆ. ಮರಿಗಳಿಗೆ ಗೆದ್ದಲು ಹಿಡಿಯಲು ಸಗಣಿ ಮತ್ತು ಹುಲ್ಲು ತುಂಬಿದ ಮಡಕೆಯನ್ನು ಸಂಜೆ ಬೋರಲು ಹಾಕಿಡುವ ವಿದ್ಯೆಯನ್ನು ನಾನು ಆಕೆಯಿಂದಲೇ ಕಲಿತೆ. ಮೊಟ್ಟೆಯ ಹಣದಲ್ಲಿ ಮಗಳ ಕಾಲೇಜಿನ ಬಸ್ಸಿನ ಖರ್ಚು ಹೋಗುತ್ತದೆ. ಹೆಬ್ಬದಲ್ಲಿ ಹುಂಜ ಮಾರಿದರೆ ಶುಲ್ಕದ ಒಂದು ಕಂತು.

2021ರ ಡಿಸೆಂಬರಿನಲ್ಲಿ ಬೀದರ, ರಾಯಚೂರು ಮೊದಲಾದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಡನೆ ಮೊಟ್ಟೆ ಕೊಡಲಾರಂಭಿಸಿದಾಗಲೂ ಆಕ್ಷೇಪಗಳೆದ್ದವು. ಬೇಡವೆಂದ ಮಕ್ಕಳಿಗೆ ಬಾಳೆಹಣ್ಣು ಸಿಕ್ಕಿತು. ಹಸಿದ ಹೊಟ್ಟೆಯ ಮಕ್ಕಳ ಮುಂದೆ ಮೂವತ್ತು ವರ್ಷ ನಿಂತು ಪಾಠ ಹೇಳಿದವನಿಗೆ ಆ ಏರ್ಪಾಡಿನಲ್ಲಿ ತಪ್ಪೇನೂ ಕಾಣಲಿಲ್ಲ. ನಾನು ಮೊಟ್ಟೆ ತಿನ್ನುವುದಿಲ್ಲ, ಬಂದವರಿಗೆ ಕೊಡುತ್ತೇನೆ.

ಸಂಘದ ಕಾರ್ಯದರ್ಶಿಗಳಿಗೆ ಉತ್ತರ ಬರೆದು ಕೊಟ್ಟಿದ್ದೇನೆ. ತೆರವಾಗಬೇಕಾದರೆ ಮೊದಲು ನನ್ನ ಹಿತ್ತಲು ತೆರವಾಗಲಿ ಎಂದಿದ್ದೇನೆ. ಅವರು ಮುಂದಿನ ಸಭೆಯವರೆಗೆ ಪತ್ರವನ್ನು ತಡೆಹಿಡಿದಿದ್ದಾರೆ. ಈ ನಡುವೆ ಪಶುವೈದ್ಯರೊಬ್ಬರು ಬರುವ ಭಾನುವಾರ ನಮ್ಮ ಮನೆಗೆ ಬಂದು ಲಸಿಕೆ ಹಾಕಲು ಒಪ್ಪಿದ್ದಾರೆ. ತುಮಕೂರಿನಲ್ಲಿರುವ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಕೋಳಿ ಸಾಕಿದ್ದರೆ ಬುಟ್ಟಿಯಲ್ಲಿ ತನ್ನಿರಿ, ಸೀಸೆಯಲ್ಲಿ ನೂರಕ್ಕಾಗುವಷ್ಟಿದೆ. ಬಿಸಿಲೇರುವ ಮುನ್ನ, ಏಳು ಗಂಟೆಯೊಳಗೆ ಬಂದರೆ ಅನುಕೂಲ.