ಘಾಟು ಈರುಳ್ಳಿಗೆ ಸಿಹಿ ಎಲ್ಲಿಂದ?

ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಬೆಳೆಯುವ ಗುಲಾಬಿ ಈರುಳ್ಳಿ ಗಾತ್ರದಲ್ಲಿ ಚಿಕ್ಕದು, ತಳ ಚಪ್ಪಟೆ, ಘಾಟು ಮಾತ್ರ ಜೋರು. 'ಬೆಂಗಳೂರು ರೋಸ್' ಹೆಸರಿನಲ್ಲಿ 2015ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯನ್ನೂ ಪಡೆಯಿತು. ಆದರೆ ಬಹುಪಾಲು ಹೋಗುವುದು ಮಲೇಷ್ಯಾ, ಸಿಂಗಪುರಗಳಿಗೆ. ಇಲ್ಲಿಯ ಅಡುಗೆಮನೆಗೆ ಬರುವುದು ಅಪರೂಪ. 2023ರ ಆಗಸ್ಟ್‌ನಲ್ಲಿ ಈರುಳ್ಳಿ ರಫ್ತಿಗೆ ಶೇ 40 ಸುಂಕ ಬಿದ್ದಾಗ ಇದರ ಬೆಳೆಗಾರರು ಕಂಗಾಲಾದದ್ದು ಅದಕ್ಕೇ. (ಸೆಪ್ಟೆಂಬರ್ ಕೊನೆಗೆ ಈ ತಳಿಗೆ ವಿನಾಯಿತಿ ಸಿಕ್ಕಿತು.) ಘಾಟೇ ಅಡ್ಡಿಯಾದರೆ ಅದಕ್ಕೆ ಒಲೆಯ ಮೇಲೆಯೇ ಉಪಾಯವಿದೆ.

ಇಡಿಯಾದ ಈರುಳ್ಳಿ ಕಣ್ಣು ಉರಿಸುವುದಿಲ್ಲ. ಅದರ ಜೀವಕೋಶದಲ್ಲಿ ಗಂಧಕದ ಸಂಯುಕ್ತಗಳು ಒಂದು ಕಡೆ, ಅವನ್ನು ಒಡೆಯುವ ಅಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಚಾಕು ತಾಗಿ ಕೋಶ ಒಡೆದಾಗ ಎರಡೂ ಬೆರೆಯುತ್ತವೆ. ಆಗಲೇ ಘಾಟು, ಕಣ್ಣೀರು. ಕಿಣ್ವವೆಂದರೆ ಪ್ರೋಟೀನ್, ಕುದಿಯುವ ನೀರಿನಲ್ಲಿ ಕೆಡುತ್ತದೆ. ಆದ್ದರಿಂದ ಹೆಚ್ಚುವ ಮೊದಲೇ ಬೇಯಿಸಬೇಕು. ಆಗ ಈರುಳ್ಳಿಯಲ್ಲಿ ಮೊದಲಿನಿಂದಲೂ ಇದ್ದ ಸಕ್ಕರೆ ನಾಲಿಗೆಗೆ ಗೊತ್ತಾಗುತ್ತದೆ.

ಸಿಪ್ಪೆ ಸುಲಿದ 10 ಈರುಳ್ಳಿಯನ್ನು ಇಡಿಯಾಗಿಯೇ 10 ನಿಮಿಷ ಕುದಿಸಿ, ನೀರು ಬಸಿದು, ಎರಡು ಹೋಳು ಮಾಡಿ, ಬೆಣ್ಣೆ ಸವರಿದ ಓವನ್ ತಟ್ಟೆಯಲ್ಲಿ ಜೋಡಿಸಿ. ಉಪ್ಪು, ಕಾಳುಮೆಣಸಿನ ಪುಡಿ, ಮೇಲೆ ತುರಿದ ಚೀಸ್. 180 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಸಾಕು. ಬಿಸಿ ತಟ್ಟೆಯನ್ನು ದೊಡ್ಡವರೇ ತೆಗೆಯಲಿ. ಚೀಸ್ ಬದಲು ಪನೀರ್ ಹಾಕಿದರೆ ಕರಗದು: ಕುದಿಯುವ ಹಾಲಿಗೆ ನಿಂಬೆರಸ ಹಿಂಡಿದಾಗಲೇ ಅದರ ಪ್ರೋಟೀನ್ ಬಿಗಿಯಾಗಿ ಹೆಣೆದುಕೊಂಡಿರುತ್ತದೆ.

ಓವನ್ ಇಲ್ಲದವರು ದಪ್ಪ ತಳದ ಬಾಣಲೆಗೆ ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿಟ್ಟರೂ ಚೀಸ್ ಕರಗುತ್ತದೆ. ಮೇಲೆ ಹೊಂಬಣ್ಣ ಮಾತ್ರ ಬಾರದು; ಮುಚ್ಚಳದಡಿಯ ಹಬೆಯಲ್ಲಿ ಚೀಸ್ ಒಣಗುವುದೇ ಇಲ್ಲ, ಅದರ ಉಷ್ಣತೆ 100 ಡಿಗ್ರಿ ದಾಟುವುದೂ ಇಲ್ಲ.